ಮೊಮ್ಮಗಳ ಶವಾಸನ

“ಶವ... ಶವ...” ಎಂದು ಬಿಳಿ ಹೆಂಗಸೊಬ್ಬಳು ಮೆಲ್ಲಗೆ ಹೇಳುತ್ತಿದ್ದಳು. ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಅವಳು ಹಾಸಿದ್ದ ಚಾಪೆಯ ಮೇಲೆ ನನ್ನ ಮೊಮ್ಮಗಳು ಕಣ್ಣು ಮುಚ್ಚಿ, ಕೈಕಾಲು ಚೆಲ್ಲಿ ಬಿದ್ದಿದ್ದಳು. ಜ್ವರ ಬಿಟ್ಟು ಹೊಸಪೇಟೆಯ ಆಸ್ಪತ್ರೆಯಿಂದ ಮನೆಗೆ ಬಂದು ವಾರವೂ ಆಗಿರಲಿಲ್ಲ; ಹರಕೆ ತೀರಿಸಲೆಂದು ಊರಿನಿಂದ ಅವಳನ್ನು ಕರೆತಂದಿದ್ದೆ. ಅವಳಿಗೆಂದು ತರುತ್ತಿದ್ದ ಎಳನೀರು ನನ್ನ ಕೈಯಿಂದ ಜಾರಿ ಬಿತ್ತು.

“ಏನ್ ಮಾಡ್ದಿ ನನ್ ಕೂಸಿಗೆ?” ಎಂದು ಕೂಗುತ್ತಾ ಓಡಿಹೋಗಿ ಹುಡುಗಿಯ ಭುಜ ಹಿಡಿದು ಅಲುಗಾಡಿಸಿದೆ.

ಅವಳು ಒಂದೇ ಕಣ್ಣು ತೆರೆದು, “ಸುಮ್ಕಿರಜ್ಜಿ, ನಾ ಈಗ ಸತ್ತೀನಿ. ಮಾತಾಡಂಗಿಲ್ಲ” ಎಂದು ನನ್ನನ್ನೇ ಗದರಿಸಿದಳು.

ಅಳು, ನಗು ಎರಡೂ ಒಟ್ಟಿಗೆ ಬಂದವು. ಅದು ಶವಾಸನವಂತೆ, ಯೋಗವಂತೆ. ಆ ಹೆಂಗಸಿನ ದೇಶದಲ್ಲಿ ಅದನ್ನು ಕ್ಲಾಸಿಗೆ ಹೋಗಿ ಕಲಿಯುತ್ತಾರಂತೆ. ಮೊಮ್ಮಗಳೇ ತನ್ನ ಶಾಲೆಯ ಇಂಗ್ಲಿಷಿನಲ್ಲಿ ವಿಚಾರಿಸಿ ನನಗೆ ಹೇಳಿದಳು.

“ಸುಮ್ನ ಬೀಳಾಕೂ ಕ್ಲಾಸ್ ಬೇಕೇನಲೇ? ಅದೂ ಇಂಥಾ ಹೆಸರಿಟ್ಟು?” ಎಂದೆ. ಆ ಹೆಂಗಸು ನಗುತ್ತಾ ಕೈ ಮುಗಿದಳು. ನಾನು ಕೂಸನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದೆ.

ನಮ್ಮ ಯೋಗವನ್ನು ಒಯ್ದು, ತಿರುಗಿ ಬಂದು ನಮ್ಮ ಮಕ್ಕಳಿಗೇ ಹೆಣದಂತೆ ಮಲಗುವುದನ್ನು ಕಲಿಸುವವರ ಮೇಲೆ ನನ್ನ ಗುಮಾನಿ ಇನ್ನೂ ಹೋಗಿಲ್ಲ. ಆದರೆ ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಮೊಮ್ಮಗಳು ‘ಎಲ್ಲಾ ಕೆಡಿಸಿಬಿಟ್ಟಿ’ ಎಂದು ನನ್ನನ್ನು ಬೈಯುತ್ತಲೇ ಇದ್ದಳು. ಬೈಯಲಿ, ಇನ್ನೂ ಬೈಯಲಿ ಎಂದು ಕೇಳುತ್ತಾ ಕುಳಿತಿದ್ದೆ. ಬೈಯುವಷ್ಟು ಜೀವ ಅವಳಲ್ಲಿ ಮರಳಿತ್ತಲ್ಲ, ಆ ಸಂತೋಷ ನನ್ನೊಳಗೆ ಹಿಡಿಸುತ್ತಿರಲಿಲ್ಲ.