ಗಂಟಿನಲ್ಲಿದ್ದ ಶೇಂಗಾ ಉಂಡೆ

“ಯಾವ ಹರಕಿ ಹೊತ್ತೀಯವ್ವಾ? ಗಂಡ ಸಿಗ್ಲಿ ಅಂತೇನು?”

ಅಂಜನಾದ್ರಿ ಬೆಟ್ಟದ ಮೆಟ್ಟಿಲಲ್ಲಿ ದಣಿವಾರಿಸಿಕೊಳ್ಳುತ್ತಿದ್ದ ಕುಷ್ಟಗಿ ಕಡೆಯ ಅಜ್ಜಿಯೊಬ್ಬರು ಕೇಳಿದರು. ನಾನು ಮೂರನೇ ಸಲ ಹತ್ತುತ್ತಿದ್ದುದನ್ನು ಅವರು ನೋಡಿದ್ದರು. ಶಾಲೆಯಲ್ಲಿ ಖೋ-ಖೋ ಆಡಿ ಬೆಳೆದ ನಾನು ಮಹಿಳೆಯರ ದೇಹದಾರ್ಢ್ಯ ಸ್ಪರ್ಧೆಗೆ ತಯಾರಾಗುತ್ತಿದ್ದೆ. ಎಂಟೇ ದಿನ ಉಳಿದಿತ್ತು. ಅದನ್ನು ಹೇಳಿ ತೋಳು ಮಡಚಿ ತೋರಿಸಿದೆ. ಸಂತೆಯಲ್ಲಿ ಬದನೆಕಾಯಿ ಆರಿಸುವವರಂತೆ ಒತ್ತಿ ನೋಡಿದ ಅಜ್ಜಿ, “ಗಟ್ಟಿ ಐತಿ” ಎಂದು ಬುತ್ತಿಯಿಂದ ಶೇಂಗಾ ಉಂಡೆ ತೆಗೆದು ಕೊಟ್ಟರು. ಬಾಯಲ್ಲಿ ನೀರೂರಿತು.

“ಸ್ಪರ್ಧೆ ಮುಗಿಯೂತನಕ ಬೆಲ್ಲ ಮುಟ್ಟಂಗಿಲ್ರಿ ಯಮ್ಮಾ,” ಎಂದೆ.

“ಬೆಲ್ಲ ಬಿಟ್ಟಿ, ಗುಡ್ಡ ಹತ್ತಿ ಇಳ್ಯಾಕತ್ತೀದಿ. ಹರಕಿ ಅಂದ್ರ ಮತ್ತೇನವ್ವಾ?” ಎಂದು ನಕ್ಕು, ಉಂಡೆಯನ್ನು ಬಟ್ಟೆಯ ತುಣುಕಿನಲ್ಲಿ ಗಂಟು ಕಟ್ಟಿ ನನ್ನ ಚೀಲಕ್ಕೆ ಹಾಕಿದರು. “ತೀರಿದ ಮ್ಯಾಲೆ ತಿನ್ನು.”

ಸ್ಪರ್ಧೆಯಲ್ಲಿ ನನಗೆ ನಾಲ್ಕನೇ ಸ್ಥಾನ ಬಂತು. ಪದಕ ಮೂವರಿಗೆ ಮಾತ್ರ. ಅಳು ಬರುವಷ್ಟರಲ್ಲಿ ಗಂಟು ನೆನಪಾಯಿತು. ಸ್ನಾಯುಗಳು ಎದ್ದು ಕಾಣಲೆಂದು ಮೈಗೆ ಬಳಿದ ಕಂದು ಬಣ್ಣವನ್ನೂ ತೊಳೆಯದೆ ವೇದಿಕೆಯ ಹಿಂದೆ ಕುಳಿತು, ಕಲ್ಲಿನಂತಾಗಿದ್ದ ಉಂಡೆಯನ್ನು ಕಟಕಟನೆ ಕಡಿದೆ. ಮೊದಲ ಸ್ಥಾನ ಗೆದ್ದವಳು ಪದಕ ಹಾಕಿಕೊಂಡೇ ಬಂದು ಉಂಡೆಗೆ ಕೈ ಚಾಚಿದಳು. ಅರ್ಧ ಮುರಿದು ಕೊಟ್ಟೆ. ಅವಳ ಹರಕೆಯೂ ತೀರಬೇಕಲ್ಲ!