ಬೂಟಿನ ತೂತು

ಹುಮನಾಬಾದ್–ಬಸವಕಲ್ಯಾಣ ಬಸ್ಸಿಗೆ ಕಂಡಕ್ಟರ್ ಆಗಿದ್ದಾಗ ನನ್ನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಎಲುಬು ಗಂಟಿನ ಹಾಗೆ ಹೊರಗೆ ಚಾಚಿತ್ತು. ಹೊಸ ಬೂಟು ಕೊಂಡಾಗಲೆಲ್ಲ ಬಸ್ ಸ್ಟ್ಯಾಂಡಿನ ಎದುರು ಚಪ್ಪಲಿ ಹೊಲಿಯುವ ಅಜ್ಜನ ಹತ್ತಿರ ಆ ಜಾಗಕ್ಕೆ ತೂತು ಮಾಡಿಸುತ್ತಿದ್ದೆ.

ಏಳನೆಯ ಜೋಡಿ ಒಯ್ದ ದಿನ ಅಜ್ಜ ಚಾಕು ಮುಟ್ಟಲಿಲ್ಲ. ನನ್ನ ಹಳೆಯ ಬೂಟು ಇಸಿದುಕೊಂಡು ತಳ ನೋಡಿದ.

“ಎಡ ಮೊಣಕಾಲ ನೋಯಾಕತ್ತದೇನ್ರಿ ಸಾಹೇಬ್ರ?”

ಅದನ್ನು ನಾನು ಮನೆಯಲ್ಲೂ ಹೇಳಿರಲಿಲ್ಲ. “ನಿಮಗ ಹ್ಯಾಂಗ ಗೊತ್ತಾತ್ರಿ?”

“ಬಲಗಾಲ ನೀವು ಪೂರಾ ಊರಂಗಿಲ್ರಿ. ಭಾರೆಲ್ಲಾ ಎಡಕ್ಕ ಬಿದ್ದು ಈ ಎಡ ಬೂಟಿನ ತಳ ಸವದದ. ನಾ ತೂತ ಮಾಡಿದ್ರ ಗಂಟ ಕರಗಂಗಿಲ್ರಿ. ಡಾಕ್ಟರಿಗೆ ತೋರಸ್ರಿ.”

ಬಸವಕಲ್ಯಾಣದ ಡಾಕ್ಟರು ಎಕ್ಸ್‌ರೇ ನೋಡಿ, ಬೆರಳಿನ ಕೀಲು ಸವೆದಿದೆ, ಮೊಣಕಾಲಿಗೂ ಪೆಟ್ಟಾಗಿದೆ ಅಂದರು. “ಇಷ್ಟ ವರ್ಷ ಏನ್ ಮಾಡಿದ್ರಿ?”

ಆರು ಸಲ ಆಪರೇಷನ್ ಮಾಡಿಸೀನ್ರಿ, ಬೂಟಿಗೆ, ಅನ್ನಲು ಬಾಯಿ ಬರಲಿಲ್ಲ.