ಅವರ ಚಿಲುಮೆ, ನನ್ನ ಗುಳಿಗೆ

ನಮ್ಮ ಮನೆಯಲ್ಲಿ ಅಂಜಿಕೆಯ ಕಾಯಿಲೆ ಇದ್ದದ್ದು ಇಬ್ಬರಿಗೆ, ನನಗೂ ನನ್ನ ಗಂಡನಿಗೂ. ಹುಚ್ಚಿ ಅನ್ನಿಸಿಕೊಂಡವಳು ಮಾತ್ರ ನಾನೊಬ್ಬಳೇ. ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ತವರು ಬಬಲೇಶ್ವರ. ಕೊಟ್ಟದ್ದು ತಿಕೋಟಾಕ್ಕೆ, ದ್ರಾಕ್ಷಿ ಬೆಳೆಯುವ ಮನೆತನಕ್ಕೆ. ನಮಗೆ ಒಬ್ಬಳೇ ಮಗಳು. ಶೆಡ್ಡಿನಲ್ಲಿ ದ್ರಾಕ್ಷಿ ಒಣಗಲು ಹಾಕಿದಾಗ ಮೋಡ ಕವಿದರೆ ಸಾಕು, ಗಂಡ ಎದೆ ಹಿಡಿದುಕೊಂಡು ಬೆವರುತ್ತ ಕೂರುತ್ತಿದ್ದರು. ಅದಕ್ಕೆ ಅವರು ಕಂಡುಕೊಂಡ ಔಷಧ ಗಾಂಜಾ. ಸೋಮವಾರದ ಭಜನೆಗೆ ಹೋಗಿ ಹಿರಿಯರ ಜೊತೆ ಚಿಲುಮೆ ಎಳೆದು ಬರುತ್ತಿದ್ದರು. ಸುಳ್ಳೇಕೆ ಹೇಳಲಿ, ಸೇದಿದ ದಿನ ನಿದ್ದೆ ಮಾಡುತ್ತಿದ್ದರು. ಬರಬರುತ್ತ ಸೋಮವಾರ ಸಾಲದಾಯಿತು, ದಿನವೂ ಬೇಕಾಯಿತು. ಸೇದದ ದಿನ ಅಂಜಿಕೆ ಮೊದಲಿಗಿಂತ ಜೋರು. ಆದರೂ ನಮ್ಮತ್ತೆ ಓಣಿಯ ತುಂಬ ಹೇಳಿಕೊಂಡು ಬಂದದ್ದು, ಮಗ ಭಕ್ತಿಗೆ ಬಿದ್ದಿದ್ದಾನೆ ಎಂದು.

ನನ್ನ ಅಂಜಿಕೆಗೆ ಅಂಥ ಚೆಂದದ ಹೆಸರು ಸಿಗಲಿಲ್ಲ. ರೊಟ್ಟಿ ಬಡಿಯುವಾಗ ಒಮ್ಮೆಲೇ ಉಸಿರು ಕಟ್ಟಿ, ಈಗ ಸತ್ತೇ ಹೋದೆ ಅನ್ನಿಸುತ್ತಿತ್ತು. ಅಣ್ಣ ವಿಜಯಪುರಕ್ಕೆ ಕರೆದೊಯ್ದು ಮನೋರೋಗದ ಡಾಕ್ಟರಿಗೆ ತೋರಿಸಿದ. ಗುಳಿಗೆ ಹಿಡಿಸಿದವು, ಮತ್ತೆ ಹಾಡಿಕೊಂಡು ರೊಟ್ಟಿ ಬಡಿಯುವಂತಾದೆ. ಅತ್ತೆಗೆ ಗೊತ್ತಾದ ದಿನ ಅಷ್ಟೂ ಗುಳಿಗೆ ತಿಪ್ಪೆಗೆ ಹೋದವು.

“ಗುಳಿಗಿ ಚಟಾ ಹತ್ತತೈತಿ ಬೇ. ಹುಚ್ಚರ ದವಾಖಾನಿಗಿ ಹೋಗಾಕಿ ಅಂತ ಊರಿಗೆ ತಿಳದ್ರ ನಿನ್ನ ಮಗಳ್ನ ಯಾರ ಮಾಡ್ಕೋತಾರ?”

ಚಟದ ಬಗ್ಗೆ ಅವರು ನನಗೆ ಬುದ್ಧಿ ಹೇಳುತ್ತಿದ್ದಾಗ ಅವರ ಮಗ ಕಟ್ಟೆಯ ಮೇಲೆ ಕೂತು ಅಂಗೈಯಲ್ಲಿ ಗಾಂಜಾ ತಿಕ್ಕುತ್ತಿದ್ದರು. ಅತ್ತೆ ಒಡೆದದ್ದು ಹಳೇ ಗಡಿಗೆ, ಸೊಸೆ ಒಡೆದದ್ದು ಹೊಸ ಗಡಿಗೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಗ ಒಡೆದರೆ ಅದು ಗಡಿಗೆಯೇ ಅಲ್ಲ.

ಗುಳಿಗೆ ಒಮ್ಮೆಲೇ ನಿಂತು ನನ್ನ ಸ್ಥಿತಿ ಕೆಟ್ಟಿತು. ನಡುಗುವುದನ್ನು ನೋಡಲಾರದೆ ಗಂಡ ತಮ್ಮ ಚಿಲುಮೆಯನ್ನೇ ನನ್ನ ಮುಂದೆ ಹಿಡಿದರು. ಅವರಿಗೆ ಗೊತ್ತಿದ್ದ ಪ್ರೀತಿ ಅದು. ಒಂದು ದಮ್ಮು ಎಳೆದೆ. ಎದೆಬಡಿತ ಕಿವಿಯೊಳಗೆ ಕೇಳತೊಡಗಿತು. ಗೋಡೆ ಮೈಮೇಲೆ ಬಂದಂತಾಗಿ ಚೀರಿದೆ. ಓಡಿ ಬಂದ ಅತ್ತೆ ನನ್ನ ಹತ್ತಿರ ಬರುವ ಮೊದಲು ಬೀದಿ ಬಾಗಿಲು ಹಾಕಿದರು. ಸೊಸೆ ಗಾಂಜಾ ಸೇದಿದರೆ ಮನೆತನದ ಮಾನ ಹೋಗುತ್ತದಂತೆ. ಮಗ ವರ್ಷಗಟ್ಟಲೆ ಸೇದುವಾಗ ಆ ಮಾನ ಎಲ್ಲಿ ಮಲಗಿತ್ತೋ.

ಡಾಕ್ಟರ ಹತ್ತಿರ ಹೋಗಗೊಡದಿದ್ದರೆ ತವರಿಗೆ ಹೋಗಿಬಿಡುತ್ತೇನೆ ಎಂದು ಹಟ ಹಿಡಿದೆ. ಆಶ್ಚರ್ಯವೆಂದರೆ ಗಂಡ ತಾವೇ ಜೊತೆಗೆ ಹೊರಟರು. ಇವರೂ ತೋರಿಸಿಕೊಳ್ಳುತ್ತಾರೆ ಎಂದು ಬಸ್ಸಿನಲ್ಲಿ ಒಳಗೊಳಗೇ ಖುಷಿಪಟ್ಟೆ. ದವಾಖಾನೆಯ ಬೆಂಚಿನ ಮೇಲೆ ಕೂತ ಮೇಲೆ ಮೆಲ್ಲಗೆ ಬಾಯಿಬಿಟ್ಟರು.

“ನನ್ನ ಸಂಕಟಾನೂ ನಿಂದ ಅಂತ ಹೇಳು. ಎದಿ ಹೊಡಕೊಳ್ಳೂದು, ನಿದ್ದಿ ಬರಲಾರದ್ದು, ಎಲ್ಲಾ. ಗುಳಿಗಿ ಜಾಸ್ತಿ ಬರಸ್ಕೊಂಡ ಬಾ. ಹೆಂಗೂ ನಿನ್ನ ಹೆಸರು ಕೆಟ್ಟೈತಿ.”

ಹಾವು ಸಾಯಬೇಕು, ಕೋಲು ಮುರಿಯಬಾರದು. ಇವರ ಪಾಲಿನ ಹುಚ್ಚನ್ನೂ ನಾನೇ ಹೊರಬೇಕು.

ಒಳಗೆ ಡಾಕ್ಟರ ಮುಂದೆ ನನ್ನದನ್ನಷ್ಟೇ ಹೇಳಿದೆ. ಗುಳಿಗೆ ತಿಪ್ಪೆಗೆ ಹೋದದ್ದನ್ನೂ ದಮ್ಮು ಎಳೆದದ್ದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಅಂದೆ: “ಹೊರಗ ನಮ್ಮ ಮನಿಯವರು ಕುಂತಾರ್ರೀ. ಅವರಿಗೆ ನನಗಿಂತ ಜಾಸ್ತಿ ಐತಿ, ಕರೀರಿ.”

ನರ್ಸ್ ಹೊರಗೆ ಹೋಗಿ ಬಂದಳು. ನಿಮ್ಮವರು ಆಗಲೇ ಎದ್ದು ಹೋಗಿದ್ದಾರೆ ಅಂದಳು.

ನನ್ನ ಗುಳಿಗೆ ತೆಗೆದುಕೊಂಡು ಒಬ್ಬಳೇ ತಿಕೋಟಾ ಬಸ್ಸು ಹತ್ತಿದೆ. ಮನೆ ಮುಟ್ಟಿದಾಗ ಗಂಡ ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ಡಾಕ್ಟರು ಏನಂದರು ಎಂದು ಅತ್ತೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಗಂಡ ನನ್ನ ಮುಖ ನೋಡದೆ ಹೇಳಿದರು:

“ಆಕಿಗಿ ಇನ್ನೂ ಕಮ್ಮಿ ಆಗಿಲ್ಲಂತ.”